ಮೀಟರಿನ ಈಚೆಯ ನೀರು: ಬೆಂಗಳೂರಿನ ಮನೆಬಳಕೆಯ ಒಂದು ಲೆಕ್ಕ

ಬೆಂಗಳೂರಿನ ನಲ್ಲಿಗೆ ಬರುವ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಹೆಚ್ಚುಕಡಿಮೆ 500 ಮೀಟರ್ ಎತ್ತರ ಹತ್ತುತ್ತದೆ. ಸಾವಿರ ಲೀಟರನ್ನು ಅಷ್ಟೆತ್ತರಕ್ಕೆ ಏರಿಸಲು, ಕೊಳವೆ ಮತ್ತು ಪಂಪುಗಳ ನಷ್ಟ ಬಿಟ್ಟರೂ, ಸುಮಾರು 1.36 ಯೂನಿಟ್ ವಿದ್ಯುತ್ ಬೇಕು. 1974ರಲ್ಲಿ ಮೊದಲ ಹಂತ ಶುರುವಾಯಿತು; 2024ರಲ್ಲಿ ಐದನೆಯ ಹಂತ ದಿನಕ್ಕೆ 775 ದಶಲಕ್ಷ ಲೀಟರ್ ಸೇರಿಸಿತು. ನದಿಯಿಂದ ತರುವ ಲೆಕ್ಕ ಹೀಗೆ ಪಕ್ಕಾ ಇದೆ. ಮನೆಯೊಳಗೆ ಖರ್ಚಾಗುವ ಲೆಕ್ಕ ಮಾತ್ರ ನಮ್ಮ ಬಳಿ ಇಲ್ಲ. ಉಳಿತಾಯದ ಮಾತು ಸೋಲುವುದು ಇಲ್ಲೇ ಎಂಬುದು ನನ್ನ ವಾದ.

ಅಪಾರ್ಟ್‌ಮೆಂಟನ್ನೇ ನೋಡಿ. ಜಲಮಂಡಳಿಯ ನೀರು, ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಎಲ್ಲವೂ ಒಂದೇ ಸಂಪಿಗೆ ಬಿದ್ದು ಬೆರೆಯುತ್ತವೆ. ಪ್ರತಿ ಫ್ಲಾಟಿಗೂ ಮೀಟರಿಲ್ಲದ ಕಡೆ ಖರ್ಚು ಮೇಂಟೆನೆನ್ಸ್ ಹಣದಲ್ಲಿ ಕರಗಿಹೋಗುತ್ತದೆ. ಇಬ್ಬರೇ ಇರುವ ಮನೆಯೂ ಆರು ಮಂದಿಯ ಮನೆಯೂ ಒಂದೇ ದುಡ್ಡು ಕಟ್ಟುತ್ತವೆ. ಬಳಕೆ ಏರಿದಂತೆ ಏರುವ ದರದ ಬಿಸಿ ಯಾರಿಗೂ ತಟ್ಟುವುದಿಲ್ಲ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ಎಂಬ ಆದೇಶ ಬಂತು. ಅದು ಬೀದಿಯಲ್ಲಿ ಕಾಣುವ ನೀರನ್ನು ಹಿಡಿಯಬಲ್ಲದು, ಬಚ್ಚಲಿನದನ್ನು ಅಲ್ಲ.

ಅಡುಗೆಮನೆಯಲ್ಲಿ ಒಂದು ಪರೀಕ್ಷೆ ಮಾಡಬಹುದು. ನೀರು ಸೋಸುವ ಆರ್‌ಒ ಯಂತ್ರ ಹೊರಹಾಕುವ ನೀರಿನ ಸಣ್ಣ ಬಿಳಿ ಪೈಪನ್ನು ಸಿಂಕಿನಿಂದ ತೆಗೆದು ಬಕೆಟ್ಟಿಗೆ ಬಿಟ್ಟರೆ, ಕುಡಿಯುವ ನೀರಿನ ಕ್ಯಾನಿಗಿಂತ ಮೊದಲು ಬಕೆಟ್ಟೇ ತುಂಬುತ್ತದೆ. ಆ ನೀರು ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಧಾರಾಳ ಸಾಕು. ಒಮ್ಮೆ ಕಣ್ಣಾರೆ ಕಂಡವರು ಮತ್ತೆ ಸಿಂಕಿಗೆ ಬಿಡಲು ಹಿಂಜರಿಯುತ್ತಾರೆ. ಯಾವ ಭಿತ್ತಿಪತ್ರಕ್ಕೂ ಇಲ್ಲದ ಶಕ್ತಿ ಅಳತೆಗಿದೆ.

ಸೂರಿನ ಲೆಕ್ಕ ಇನ್ನೂ ದೊಡ್ಡದು. ನಗರದ ವಾರ್ಷಿಕ ಮಳೆ ಸುಮಾರು 970 ಮಿಲಿಮೀಟರ್. ಸಾವಿರ ಚದರಡಿ ತಾರಸಿಯ ಮೇಲೆ ಬೀಳುವುದು ಸುಮಾರು 90,000 ಲೀಟರ್. ಐದರಲ್ಲೊಂದು ಪಾಲು ಪೋಲಾದರೂ 72,000 ಉಳಿಯುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ನಗರದ ಮಾನದಂಡ ಹಿಡಿದರೆ, ನಾಲ್ವರ ಸಂಸಾರಕ್ಕೆ ನಾಲ್ಕು ತಿಂಗಳಿಗೂ ಮೀರಿದ ನೀರು ಅದು. ಅಷ್ಟನ್ನೂ ಕೂಡಿಡಲು ಸಂಪಿನಲ್ಲಿ ಜಾಗವಿರದು. ಮಿಕ್ಕದ್ದನ್ನು ಇಂಗುಗುಂಡಿಗೆ ಬಿಡಬೇಕು. 2009ರಿಂದ ನಿಗದಿತ ಅಳತೆಯ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯ. ಆದರೆ ಪೈಪು ಹಾಕಿದ ಮನೆಗಳನ್ನು ಎಣಿಸಿದರೆ ಸಾಲದು. ಹೊಂಗೆ ಎಲೆ, ಹೂವು, ಧೂಳು ಕಟ್ಟಿಕೊಂಡ ಫಿಲ್ಟರು ಮಳೆಯನ್ನು ನೇರ ಚರಂಡಿಗೇ ಕಳಿಸುತ್ತದೆ. ಮುಂದಿನ ಅಧ್ಯಯನ ಎಣಿಸಬೇಕಾದದ್ದು, ಮೊದಲ ಮುಂಗಾರು ಮಳೆಗೆ ಮುನ್ನ ಆ ಫಿಲ್ಟರನ್ನು ಬಿಚ್ಚಿ ತೊಳೆದ ಮನೆಗಳನ್ನು.