ಬ್ರೇಕ್ ಫೇಲ್: ಎರಡು ಪದಗಳ ಹಿಂದಿನ ಚರಿತ್ರೆ

ಕರಾವಳಿಯ ಪತ್ರಿಕೆಗಳಲ್ಲಿ ಆಗಾಗ ಕಾಣಿಸಿಕೊಳ್ಳುವ ಪುಟ್ಟ ಸುದ್ದಿಯೊಂದಿದೆ. ಇಳಿಜಾರಿನಲ್ಲಿ ಬರುತ್ತಿದ್ದ ಪಿಕ್‌ಅಪ್ ವಾಹನದ ಬ್ರೇಕ್ ಇದ್ದಕ್ಕಿದ್ದಂತೆ ವಿಫಲವಾಗಿ ಚಾಲಕನ ನಿಯಂತ್ರಣ ತಪ್ಪಿತು. ವಾಹನ ರಸ್ತೆ ಬದಿಯ ಕಂಬಕ್ಕೋ ಧರೆಗೋ ಎದುರಿನ ವಾಹನಕ್ಕೋ ಬಡಿಯಿತು. ನಾಲ್ಕು ಸಾಲಿನಲ್ಲಿ ಸುದ್ದಿ ಮುಗಿಯುತ್ತದೆ. ಗಾಯಗೊಂಡವರ ಮನೆಯಲ್ಲಿ ಮಾತ್ರ ಅದು ಮುಗಿಯುವುದಿಲ್ಲ. ಸಾಲ ಮಾಡಿ ವಾಹನ ಕೊಂಡ ಮಾಲೀಕನಿಗೆ ಗ್ಯಾರೇಜು, ವಿಮೆ, ಠಾಣೆ, ನ್ಯಾಯಾಲಯ ಎಂಬ ಅಲೆದಾಟ ಆಗಷ್ಟೇ ಶುರುವಾಗಿರುತ್ತದೆ.

ಆ ಸುದ್ದಿಯಲ್ಲಿ ಅನುಮಾನಿಸಬೇಕಾದ ಪದ 'ಇದ್ದಕ್ಕಿದ್ದಂತೆ' ಎಂಬುದು. ಬ್ರೇಕ್ ಕೈಕೊಡುವುದು ಕ್ಷಣದಲ್ಲಿ. ಆದರೆ ಅದಕ್ಕೆ ಬೇಕಾದ ಸಿದ್ಧತೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನಡೆದಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ. ವಾಹನ ನಿಲ್ಲಿಸುವ ಸಾಧನ ಹೀಗೆ ಕಣ್ಣಿನಿಂದ ಮರೆಯಾದದ್ದು ಹೇಗೆ ಎಂಬುದಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ.

ಗಾಡಿಯಿಂದ ಮೋಟಾರಿಗೆ

ಮಂಗಳೂರು ಇಳಿಜಾರುಗಳ ಊರು. ಬಾವುಟಗುಡ್ಡೆಯಿಂದ ಹಂಪನಕಟ್ಟೆಗೆ, ಕದ್ರಿಯಿಂದ ಕೆಳಗೆ, ಬೆಂದೂರಿನಿಂದ ಕಂಕನಾಡಿಗೆ ಎಲ್ಲಿ ಹೊರಟರೂ ಏರು ಇಲ್ಲವೆ ಇಳಿತ. ಊರಿನಾಚೆಗೆ ಪೂರ್ವಕ್ಕೆ ಹೊರಟರೆ ಶಿರಾಡಿ, ಚಾರ್ಮಾಡಿ, ಸಂಪಾಜೆ ಘಟ್ಟಗಳು. ಕಾಫಿ, ಅಕ್ಕಿ, ಸಂಬಾರ ಪದಾರ್ಥಗಳು ಎತ್ತಿನ ಗಾಡಿಗಳಲ್ಲಿ ಘಟ್ಟ ಇಳಿದು ಇಲ್ಲಿನ ಬಂದರು ಸೇರುತ್ತಿದ್ದ ಕಾಲದಲ್ಲಿ, ಗಾಡಿಯ ಬ್ರೇಕ್ ಎಂದರೆ ಚಕ್ರದ ಪಟ್ಟಿಗೆ ಒತ್ತುವ ಒಂದು ಮರದ ತುಂಡು. ಅದು ಸವೆದರೆ ಗಾಡಿಯವನಿಗೆ ಕಾಣುತ್ತಿತ್ತು. ಹೊಗೆ ಬಂದರೆ ಮೂಗಿಗೆ ಬಡಿಯುತ್ತಿತ್ತು. ಬೇರೆ ತುಂಡು ಕೆತ್ತಿ ಕಟ್ಟಿದರೆ ರಿಪೇರಿ ಮುಗಿಯಿತು.

1907ರಲ್ಲಿ ಮಂಗಳೂರಿಗೆ ರೈಲು ಬಂದಿತಾದರೂ ಅದು ಬಂದದ್ದು ದಕ್ಷಿಣದ ಮಲಬಾರ್ ಕಡೆಯಿಂದ. ಘಟ್ಟದ ಮೇಲಿನ ಹಾಸನದೊಂದಿಗೆ ರೈಲು ಸಂಪರ್ಕ ದೊರೆತದ್ದು 1979ರಲ್ಲಿ. ನಡುವಿನ ಏಳು ದಶಕಗಳಲ್ಲಿ ಘಟ್ಟ ಹತ್ತಿ ಇಳಿಯುವ ಸರಕೆಲ್ಲ ರಸ್ತೆಯನ್ನೇ ನಂಬಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಸಿ.ಪಿ.ಸಿ. ಎಂದು ಜನ ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ಇಲ್ಲಿ ಬಸ್ಸು ಓಡಿಸತೊಡಗಿತ್ತು. ಮೋಟಾರು ಬಂದಲ್ಲಿಗೆ ಗ್ಯಾರೇಜೂ ಬಂತು. ಹಂಚಿನ ಕಾರ್ಖಾನೆಗಳಿಂದಾಗಿ ಯಂತ್ರದ ಕೆಲಸ, ಎರಕದ ಕೆಲಸ ಮೊದಲೇ ಬಲ್ಲ ಊರಿಗೆ ಅದೇನೂ ಹೊಸ ವಿದ್ಯೆಯಾಗಿರಲಿಲ್ಲ. 1940ರ ದಶಕದಲ್ಲಿ ಆರಂಭವಾದ ಕೆನರಾ ವರ್ಕ್‌ಶಾಪ್ಸ್ ಮೋಟಾರು ವಾಹನಗಳ ಪಟ್ಟಿ ಸ್ಪ್ರಿಂಗುಗಳಿಗೆ ಹೆಸರಾಯಿತು. ಭಾರ ಹೊರುವ ಸ್ಪ್ರಿಂಗನ್ನು ಊರು ತಾನೇ ಮಾಡಿಕೊಂಡಿತು. ಆ ಭಾರವನ್ನು ನಿಲ್ಲಿಸುವ ವಿದ್ಯೆ ಮಾತ್ರ ದೂರದಿಂದ ಬರಬೇಕಾಗಿತ್ತು.

ಎಣ್ಣೆಯ ಮೇಲಿನ ನಂಬಿಕೆ

ಚಕ್ರದೊಳಗಿನ ಡ್ರಮ್ಮಿಗೆ ಶೂ ಒತ್ತಿ ನಿಲ್ಲಿಸುವ ಬ್ರೇಕನ್ನು ಫ್ರಾನ್ಸಿನ ಲೂಯಿ ರೆನೊ 1902ರಲ್ಲಿ ಬಳಕೆಗೆ ತಂದ. ಮರದ ತುಂಡು ಇದ್ದ ಜಾಗಕ್ಕೆ ಮುಚ್ಚಿದ ಕಬ್ಬಿಣದ ಬೋಗುಣಿ ಬಂದಂತಾಯಿತು. ಮಳೆ, ಕೆಸರು ಒಳಗೆ ಹೋಗುವುದು ಕಡಿಮೆಯಾಯಿತು. ಜೊತೆಗೆ ಸವೆತವೂ ಕಣ್ಣಿಗೆ ಮರೆಯಾಯಿತು. ಆಗಲೂ ಪೆಡಲಿನಿಂದ ಚಕ್ರಕ್ಕೆ ಇದ್ದದ್ದು ಸರಳು, ತಂತಿಗಳ ಸಂಬಂಧ. ಅದನ್ನು ಬದಲಿಸಿದವನು ಅಮೆರಿಕದ ಮ್ಯಾಲ್ಕಮ್ ಲಾಕ್‌ಹೀಡ್. ಕೊಳವೆಯಲ್ಲಿ ತುಂಬಿದ ದ್ರವವನ್ನು ಒಂದು ತುದಿಯಲ್ಲಿ ಒತ್ತಿದರೆ ಆ ಒತ್ತಡ ಎಲ್ಲ ತುದಿಗಳಿಗೂ ಸಮನಾಗಿ ಹಂಚಿಹೋಗುತ್ತದೆ ಎಂಬುದು ಪ್ಯಾಸ್ಕಲ್ 17ನೇ ಶತಮಾನದಲ್ಲೇ ಹೇಳಿದ ತತ್ತ್ವ. ಇದನ್ನು ಬಳಸಿದ ನಾಲ್ಕು ಚಕ್ರದ ಹೈಡ್ರಾಲಿಕ್ ಬ್ರೇಕ್ 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನಲ್ಲಿ ಬಂತು. ಫೋರ್ಡ್ ಕಂಪೆನಿ 1939ರವರೆಗೂ ತನ್ನ ಕಾರುಗಳಲ್ಲಿ ಹಳೆಯ ಸರಳುಗಳನ್ನೇ ಉಳಿಸಿಕೊಂಡಿತ್ತು.

ಹೈಡ್ರಾಲಿಕ್ ಬ್ರೇಕ್ ಹಗುರ, ಚುರುಕು. ಆದರೆ ಅದರಲ್ಲೊಂದು ಹುಟ್ಟುಗುಣವಿದೆ: ಎಣ್ಣೆ ಸೋರಿದರೆ ಬ್ರೇಕ್ ಇಲ್ಲ. ರೈಲಿನದು ಇದಕ್ಕೆ ತೀರ ವಿರುದ್ಧವಾದ ಕ್ರಮ. 1869ರಲ್ಲಿ ಗಾಳಿ ಬ್ರೇಕಿಗೆ ಪೇಟೆಂಟ್ ಪಡೆದ ಜಾರ್ಜ್ ವೆಸ್ಟಿಂಗ್‌ಹೌಸ್, ಕೆಲವೇ ವರ್ಷಗಳಲ್ಲಿ ಅದನ್ನು ತಿದ್ದಿ, ಕೊಳವೆ ಒಡೆದು ಗಾಳಿ ಸೋರಿಹೋದರೆ ಬ್ರೇಕ್ ತಾನಾಗಿಯೇ ಹಿಡಿಯುವಂತೆ ಮಾಡಿದ. ಇಂದಿನ ದೊಡ್ಡ ಲಾರಿಗಳ ಸ್ಪ್ರಿಂಗ್ ಬ್ರೇಕ್ ಕೂಡ ಇದೇ ಜಾತಿಯದು. ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಿ 50 ಅಡಿಗೆ ಒಂದು ಅಡಿಯಷ್ಟು ಇಳಿಜಾರಿದೆ. ಅಲ್ಲಿ ಬ್ರೇಕ್ ತಪ್ಪಿದ ರೈಲನ್ನು ಪಕ್ಕದ ಏರು ಹಳಿಗೆ ತಿರುಗಿಸಿ ನಿಲ್ಲಿಸುವ 'ಕ್ಯಾಚ್ ಸೈಡಿಂಗ್' ವ್ಯವಸ್ಥೆಯನ್ನೂ ಮಾಡಲಾಗಿದೆ. ಬ್ರೇಕ್ ಎಂದಾದರೂ ಕೈಕೊಟ್ಟೀತು ಎಂದು ರೈಲ್ವೆಯವರು ಮೊದಲೇ ಲೆಕ್ಕ ಹಾಕಿದ್ದಾರೆ. ಪಕ್ಕದ ಘಟ್ಟದ ರಸ್ತೆಯಲ್ಲಿ ಇಳಿಯುವ ಪಿಕ್‌ಅಪ್ಪಿನವನಿಗೆ ಇರುವುದು ಪೆಡಲು, ಗೇರು ಮತ್ತು ಕೈ ಬ್ರೇಕು.

ಟೆಂಪೊ, ಪಿಕ್‌ಅಪ್

ಕಾರಿನ ಹಿಂಭಾಗಕ್ಕೆ ತೆರೆದ ಪೆಟ್ಟಿಗೆ ಜೋಡಿಸಿದ ಪಿಕ್‌ಅಪ್ ವಾಹನವನ್ನು ಫೋರ್ಡ್ ಕಾರ್ಖಾನೆ 1925ರಲ್ಲಿ ಮಾರುಕಟ್ಟೆಗೆ ತಂದಿತು. ನಮ್ಮಲ್ಲಿ ಬಹುಕಾಲ ಸಣ್ಣ ಸರಕಿನ ವಾಹನಕ್ಕೆಲ್ಲ 'ಟೆಂಪೊ' ಎಂದೇ ಹೆಸರು. ಬಜಾಜ್ ಟೆಂಪೊ ಕಂಪೆನಿಯ ವಾಹನಗಳಿಂದ ಬಂದ ಮಾತದು. 1986ರಲ್ಲಿ ಟಾಟಾ 407, 1988ರಲ್ಲಿ ಟಾಟಾ ಮೊಬೈಲ್ ಪಿಕ್‌ಅಪ್, 2005ರಲ್ಲಿ ಟಾಟಾ ಏಸ್ ಬಂದವು. ಮಹೀಂದ್ರ ಪಿಕ್‌ಅಪ್ಪುಗಳೂ ಹಳ್ಳಿಹಳ್ಳಿ ತಲುಪಿದವು. ಲಾರಿ ಕೊಳ್ಳಲಾಗದವನೂ ಬ್ಯಾಂಕ್ ಸಾಲದಿಂದ ಒಂದು ವಾಹನದ ಒಡೆಯನಾದ. ಮಾಲೀಕನೇ ಚಾಲಕ, ಅವನೇ ಕ್ಲೀನರ್. ದಕ್ಕೆಯಿಂದ ಮೀನು, ಕೋರೆಯಿಂದ ಕೆಂಪು ಕಲ್ಲು, ಹೊಳೆಯಿಂದ ಹೊಯ್ಗೆ, ತೋಟದಿಂದ ಅಡಿಕೆ, ತೆಂಗಿನಕಾಯಿ ಎಲ್ಲಕ್ಕೂ ಅದೇ ವಾಹನ.

ಇಲ್ಲಿಂದಲೇ ತೊಂದರೆಯೂ ಶುರು. ಬಾಡಿಗೆ ಗಿಟ್ಟಬೇಕಾದರೆ ಒಂದು ಸಾಲು ಕಲ್ಲು ಹೆಚ್ಚಿಗೆ ಹೇರಬೇಕು. ಹೇರಿದರೆ ಹಿಂಭಾಗ ಕುಸಿಯುತ್ತದೆ. ಅದಕ್ಕಾಗಿ ಸ್ಪ್ರಿಂಗಿಗೆ ಒಂದೆರಡು ಪಟ್ಟಿ ಸೇರಿಸುತ್ತಾರೆ. ವಾಹನ ನೆಟ್ಟಗೆ ನಿಲ್ಲುತ್ತದೆ. ಬ್ರೇಕ್ ಮಾತ್ರ ಹಳೆಯದೇ. ಅಷ್ಟೇ ಅಲ್ಲ, ಹಲವು ಪಿಕ್‌ಅಪ್ಪುಗಳ ಹಿಂಬದಿಯಲ್ಲಿ ಸ್ಪ್ರಿಂಗ್ ಎಷ್ಟು ಬಗ್ಗಿದೆ ಎಂದು ನೋಡಿ ಭಾರವನ್ನು ಅಂದಾಜಿಸಿ, ಹಿಂದಿನ ಚಕ್ರಗಳಿಗೆ ಹೋಗುವ ಎಣ್ಣೆಯ ಒತ್ತಡವನ್ನು ಹೊಂದಿಸುವ ವಾಲ್ವ್ ಒಂದಿರುತ್ತದೆ. ಪಟ್ಟಿ ಹೆಚ್ಚಾದರೆ ಸ್ಪ್ರಿಂಗ್ ಬಗ್ಗುವುದು ಕಡಿಮೆ. ವಾಹನ ಖಾಲಿಯಿದೆ ಎಂದು ವಾಲ್ವ್ ತಿಳಿಯುತ್ತದೆ. ತುಂಬಿದ ವಾಹನಕ್ಕೆ ಖಾಲಿ ವಾಹನದ ಬ್ರೇಕ್ ಸಿಗುತ್ತದೆ.

ಉಪ್ಪು, ಮಳೆ, ಘಟ್ಟ

ಕರಾವಳಿಯ ಹವೆಯೂ ಬ್ರೇಕಿನ ಶತ್ರುವೇ. ಮೀನಿನ ಪೆಟ್ಟಿಗೆಗಳಿಂದ ಕರಗಿ ಸುರಿಯುವ ಮಂಜುಗಡ್ಡೆಯ ಉಪ್ಪು ನೀರು ನೇರವಾಗಿ ಬೀಳುವುದು ಹಿಂದಿನ ಅಚ್ಚಿನ ಮೇಲೆ. ಬ್ರೇಕ್ ಎಣ್ಣೆಯ ಉಕ್ಕಿನ ಪೈಪು ಹಾದುಹೋಗುವುದೂ ಅಲ್ಲೇ. ಕ್ಲಿಪ್ಪುಗಳ ಅಡಿಯಲ್ಲಿ ಕೆಸರು ಕೂತು, ತುಕ್ಕು ಹಿಡಿದು, ಪೈಪು ಒಳಗೊಳಗೇ ತೆಳುವಾಗುತ್ತದೆ. ದಿನನಿತ್ಯದ ಮೃದು ತುಳಿತಕ್ಕೆ ಅದು ತಡೆದೀತು. ಎದುರಿಗೆ ಮಗುವೋ ದನವೋ ಬಂದು ಚಾಲಕ ಬಲವಾಗಿ ತುಳಿದಾಗಲೇ ಅದು ಒಡೆಯುತ್ತದೆ. ಬ್ರೇಕ್ ಅತ್ಯಂತ ಅಗತ್ಯವಿದ್ದ ಕ್ಷಣದಲ್ಲೇ ಕೈಕೊಟ್ಟಿತು ಎಂದು ಹೇಳುವುದು ಇದಕ್ಕೇ. ಅದು ದುರದೃಷ್ಟವಲ್ಲ, ಒತ್ತಡದ ಲೆಕ್ಕ.

ಬ್ರೇಕ್ ಎಣ್ಣೆಗೂ ಆಯುಷ್ಯವಿದೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಪಿಕ್‌ಅಪ್ಪುಗಳಲ್ಲಿ ಸಾಮಾನ್ಯವಾದ ಡಾಟ್ 3 ಎಣ್ಣೆ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಈ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುವ ಮಂಗಳೂರಿನಲ್ಲಿ ತೇವಕ್ಕೇನು ಬರ? ಇನ್ನು ಮೂರು ಟನ್ ತೂಗುವ ವಾಹನ 700 ಮೀಟರ್ ಎತ್ತರದ ಘಟ್ಟವನ್ನು ಬ್ರೇಕಿನಿಂದಲೇ ಇಳಿದರೆ, ಹುಟ್ಟುವ ಶಾಖ ಬಚ್ಚಲಿನ ಹಂಡೆಯಲ್ಲಿ ಸುಮಾರು 70 ಲೀಟರ್ ನೀರನ್ನು ಕುದಿ ಬರಿಸುವಷ್ಟು. ಅಷ್ಟೂ ಶಾಖ ಡ್ರಮ್ಮು, ಶೂಗಳ ಮೂಲಕವೇ ಹೋಗಬೇಕು. ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎಣ್ಣೆ ಕುದಿದು ಗುಳ್ಳೆ ಏಳುತ್ತದೆ. ದ್ರವ ಒತ್ತಡವನ್ನು ಸಾಗಿಸುತ್ತದೆ, ಆವಿ ಸಾಗಿಸುವುದಿಲ್ಲ. ಪೆಡಲು ನೆಲ ಮುಟ್ಟುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲ ತಣ್ಣಗಾಗಿ ಬ್ರೇಕ್ ಸರಿಯಾಗಿಯೇ ಇರುತ್ತದೆ! ಆಗ ಚಾಲಕನ ಮಾತನ್ನು ನಂಬುವವರು ಯಾರು?

ಡೀಸೆಲ್ ಉಳಿಸಲೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸುವ ಅಭ್ಯಾಸ ಇನ್ನೂ ಅಪಾಯಕಾರಿ. ಕಾಲಿನ ಬಲವನ್ನು ಹೆಚ್ಚಿಸಿ ಕೊಡುವ ಬೂಸ್ಟರಿಗೆ ಎಂಜಿನ್ನಿನಿಂದ ನಡೆಯುವ ಪಂಪಿನ ನಿರ್ವಾತ ಬೇಕು. ಎಂಜಿನ್ ನಿಂತರೆ ಎರಡು ಮೂರು ತುಳಿತಗಳಲ್ಲಿ ಅದು ಮುಗಿದು ಪೆಡಲು ಕಲ್ಲಿನಂತಾಗುತ್ತದೆ. ಹತ್ತುವ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಡ್ರೈವರುಗಳ ಬುದ್ಧಿಮಾತಿನಲ್ಲಿ ಭೌತಶಾಸ್ತ್ರವೇ ಅಡಗಿದೆ.

1960ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬಂದ ಎರಡು ಸರ್ಕ್ಯೂಟಿನ ಬ್ರೇಕ್ ಈಗ ಎಲ್ಲೆಡೆ ಇದೆ. ಒಂದು ಕೊಳವೆ ಸೋರಿದರೂ ಇನ್ನೊಂದು ಜೋಡಿ ಚಕ್ರ ಹಿಡಿಯುತ್ತದೆ. ಆದರೆ ಇದು ಎಚ್ಚರಿಕೆಯೇ ಹೊರತು ಪರಿಹಾರವಲ್ಲ. ಪೆಡಲು ಎಂದಿಗಿಂತ ಕೆಳಗೆ ಹೋದಾಗ 'ಪಂಪ್ ಮಾಡಿದರೆ ಸಿಗುತ್ತದೆ' ಎಂದು ವಾರಗಟ್ಟಲೆ ಓಡಿಸಿದರೆ ಎರಡನೆಯದಕ್ಕೂ ಅದೇ ಗತಿ.

ರಿಪೇರಿಯ ಗೋಳು

ಹಾಗಾದರೆ ತಪ್ಪೆಲ್ಲ ಮಾಲೀಕನದೇ? ಅಷ್ಟು ಸುಲಭವಾಗಿ ಹೇಳುವಂತಿಲ್ಲ. ವಾಹನ ಒಂದು ದಿನ ನಿಂತರೆ ಅಂದಿನ ಸಂಪಾದನೆ ಇಲ್ಲ. ಸಾಲದ ಕಂತು ನಿಲ್ಲುವುದಿಲ್ಲ. ಅಸಲಿ ಬಿಡಿಭಾಗಕ್ಕೆ ಹೆಚ್ಚು ಬೆಲೆ, ಕೆಲವೊಮ್ಮೆ ಕಾಯುವ ಕೆಲಸ. ಅದೇ ಪೊಟ್ಟಣದಂತೆ ಕಾಣುವ ನಕಲಿ ಕೂಡಲೇ ಸಿಗುತ್ತದೆ. ಹೀಗಾಗಿ ಅರ್ಧ ರಿಪೇರಿಗಳು ನಡೆಯುತ್ತವೆ. ಸಿಲಿಂಡರ್ ಬದಲು ರಬ್ಬರ್ ಕಿಟ್ ಮಾತ್ರ ಹಾಕುವುದು, ಸವೆದ ಡ್ರಮ್ಮನ್ನು ಮಿತಿ ಮೀರಿ ಲೇತಿಗೆ ಕೊಡುವುದು, ಸೋರುವ ಚಕ್ರದ ಪೈಪನ್ನೇ ಮುಚ್ಚಿ ಉಳಿದ ಚಕ್ರಗಳ ಮೇಲೆ ಓಡಿಸುವುದು. ಬ್ರೇಕ್ ಎಣ್ಣೆಯ ಬದಲು ಬೇರೆ ಎಣ್ಣೆ ಸುರಿದರೆ ಒಳಗಿನ ರಬ್ಬರುಗಳೆಲ್ಲ ಉಬ್ಬಿ ಕೆಡುತ್ತವೆ. ಇವು ಯಾವುವೂ ಹೊರಗಿನಿಂದ ಕಾಣುವುದಿಲ್ಲ. ಪರಿಣತ ಮೆಕ್ಯಾನಿಕ್ ಬಿಚ್ಚಿ ನೋಡಬೇಕು. ನೋಡಿದ್ದಕ್ಕೆ ಬಿಲ್ಲು ಬರೆಯಬೇಕು.

ಬಿಲ್ಲಿನ ಮಾತಿಗೆ ಕಾರಣವಿದೆ. 1977ರಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಒಂದು ತತ್ತ್ವವನ್ನು ಸ್ಪಷ್ಟಪಡಿಸಿತು. ಯಾಂತ್ರಿಕ ದೋಷದಿಂದ ಅಪಘಾತವಾಯಿತು ಎನ್ನುವ ಮಾಲೀಕ, ತಾನು ಎಲ್ಲ ಸಮಂಜಸ ಎಚ್ಚರಿಕೆ ವಹಿಸಿದ್ದರೂ ದೋಷ ಅಡಗಿಯೇ ಇತ್ತು ಎಂದು ತಾನೇ ಸಾಬೀತುಪಡಿಸಬೇಕು. 'ಬ್ರೇಕ್ ಫೇಲ್ ಆಯಿತು ಸ್ವಾಮಿ' ಎಂದರೆ ಸಾಲದು. ಕಾಗದವಿಲ್ಲದ ರಿಪೇರಿ ನ್ಯಾಯಾಲಯದಲ್ಲಿ ರಿಪೇರಿಯೇ ಅಲ್ಲ. ಸರಕು ವಾಹನಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಅರ್ಹತಾ ಪತ್ರ ಬೇಕು. ಅದು ಪರೀಕ್ಷೆಯ ದಿನದ ಸ್ಥಿತಿಗೆ ಸಾಕ್ಷಿ, ಮುಂದಿನ ಮಳೆಗಾಲಕ್ಕಲ್ಲ.

ಕಾನೂನು ಮಾಲೀಕನ ಪರವಾಗಿಯೂ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ ವ್ಯಾಪಾರಕ್ಕಾಗಿ ಕೊಂಡವರನ್ನು ಹೊರಗಿಟ್ಟಿತ್ತು. 1993ರ ತಿದ್ದುಪಡಿ, ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡದ್ದು ವ್ಯಾಪಾರವಲ್ಲ ಎಂದಿತು. ತಾನೇ ಓಡಿಸಲೆಂದು ಆಟೊ ಅಥವಾ ಲಾರಿ ಕೊಂಡವನು ಗ್ರಾಹಕನೇ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರ ಹೊಸ ಕಾಯ್ದೆಯಲ್ಲೂ ಈ ರಕ್ಷಣೆ ಉಳಿದಿದೆ. ವಾಹನದ ತಯಾರಿಕೆಯಲ್ಲೇ ದೋಷವಿದ್ದರೆ ಮತ್ತೊಂದು ದಾರಿಯಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಂತೆ, ಏಳು ವರ್ಷದೊಳಗಿನ ವಾಹನಗಳ ಒಂದೇ ದೋಷದ ಬಗ್ಗೆ ನಿಗದಿತ ಪ್ರಮಾಣದಲ್ಲಿ ದೂರು ಬಂದರೆ ಅವನ್ನು ಹಿಂದಕ್ಕೆ ಕರೆಸಿ ಸರಿಪಡಿಸುವಂತೆ ಸರ್ಕಾರ ಆದೇಶಿಸಬಹುದು. ಈ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಆದರೆ ಎಲ್ಲರೂ ಸುಮ್ಮನೆ ರಿಪೇರಿ ಮಾಡಿಸಿಕೊಂಡು ಹೋದರೆ ಈ ಎಣಿಕೆ ಮುಟ್ಟುವುದೇ ಇಲ್ಲ. ದೂರು ಬರೆಯುವುದೂ ರಿಪೇರಿಯ ಒಂದು ಭಾಗವೇ.

ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನಿನ ಪಿಕ್‌ಅಪ್ಪುಗಳಿಗೆ ಬಿಡುವು. ಬಲೆ, ದೋಣಿಗಳ ದುರಸ್ತಿಯೊಂದಿಗೆ ಚಕ್ರಗಳನ್ನೂ ಬಿಚ್ಚಿಸಿ, ಪೈಪುಗಳ ಉದ್ದಕ್ಕೂ ಕೈಯಾಡಿಸಿ, ಹಳೆಯ ಎಣ್ಣೆ ತೆಗೆಸಿ ಹೊಸದು ತುಂಬಿಸಲು ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಸುಮ್ಮನೆ ನಿಂತ ವಾಹನದಲ್ಲಿ ಶೂಗಳು ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುವುದೂ ಉಂಟು. ಆಗಸ್ಟಿನ ಮೊದಲ ಬಾಡಿಗೆಗೆ ಮುನ್ನ ಇದನ್ನೂ ನೋಡಿಸಬೇಕು. ಹಿಂದಿನ ಗಾಡಿಯವನು ಘಟ್ಟದ ತಲೆಯಲ್ಲಿ ಗಾಡಿ ನಿಲ್ಲಿಸಿ, ಮರದ ತುಂಡನ್ನು ಕೈಯಿಂದ ಮುಟ್ಟಿ ನೋಡಿ ಇಳಿಯಲು ಹೊರಡಬಹುದಿತ್ತು. ಇಂದು ಆ ತುಂಡು ಕಬ್ಬಿಣದ ಬೋಗುಣಿಯೊಳಗಿದೆ, ಮುಟ್ಟಿ ನೋಡುವ ಕೆಲಸ ಮಾತ್ರ ಹಾಗೆಯೇ ಉಳಿದಿದೆ.