ವೈದ್ಯಕೀಯ ನಿರ್ಲಕ್ಷ್ಯದ ಕಾನೂನು ಹೊಣೆ (ಭಾರತ)

ವೈದ್ಯರು, ದಾದಿಯರು ಅಥವಾ ಆಸ್ಪತ್ರೆ ವೃತ್ತಿಗೆ ತಕ್ಕ ಎಚ್ಚರ ವಹಿಸದೆ ರೋಗಿಗೆ ಹಾನಿಯಾದರೆ ಅದನ್ನು ವೈದ್ಯಕೀಯ ನಿರ್ಲಕ್ಷ್ಯ ಎನ್ನುತ್ತಾರೆ. ಚಿಕಿತ್ಸೆ ಫಲಿಸಲಿಲ್ಲ, ರೋಗಿ ಉಳಿಯಲಿಲ್ಲ ಎಂದಮಾತ್ರಕ್ಕೆ ನಿರ್ಲಕ್ಷ್ಯ ಸಾಬೀತಾಗದು. ರೋಗಿಯ ಬಗ್ಗೆ ಕರ್ತವ್ಯವಿತ್ತು, ಅದರಲ್ಲಿ ಲೋಪವಾಯಿತು, ಆ ಲೋಪದಿಂದಲೇ ಹಾನಿಯಾಯಿತು ಎಂಬ ಮೂರನ್ನೂ ತೋರಿಸಬೇಕು.

ಲೋಪವನ್ನು ಅಳೆಯಲು ಭಾರತದ ನ್ಯಾಯಾಲಯಗಳು ಇಂಗ್ಲೆಂಡಿನ 1957ರ ಬೋಲಂ ಪ್ರಕರಣದ ಸೂತ್ರವನ್ನು ಬಳಸುತ್ತವೆ. ಅದೇ ವಿಭಾಗದ ಸಾಧಾರಣ ನುರಿತ ವೈದ್ಯರು ತೋರುವಷ್ಟು ಕೌಶಲ ಸಾಕು; ಅಪ್ರತಿಮ ಪ್ರತಿಭೆ ಬೇಕಿಲ್ಲ. ಒಪ್ಪಿತವಾದ ಎರಡು ವಿಧಾನಗಳಲ್ಲಿ ಒಂದನ್ನು ಆರಿಸಿಕೊಂಡದ್ದು ತಪ್ಪಲ್ಲ. ಆದರೆ ಹೋಮಿಯೋಪತಿ ಓದಿದವರು ಅಲೋಪತಿ ಔಷಧ ಕೊಡುವುದೇ ನಿರ್ಲಕ್ಷ್ಯವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು.

ಸಿಬ್ಬಂದಿಯ ತಪ್ಪಿಗೆ ಆಸ್ಪತ್ರೆಯೂ ಹೊಣೆ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಯ ವೇಳೆ ಮಹಿಳೆಯ ಹೊಟ್ಟೆಯೊಳಗೆ ಬಟ್ಟೆ ಉಳಿದುಹೋದ ಪ್ರಕರಣದಲ್ಲಿ 1996ರ ತೀರ್ಪು ರಾಜ್ಯ ಸರ್ಕಾರವನ್ನೇ ಹೊಣೆಯಾಗಿಸಿತು. ದಾದಿ ನೀಡಿದ ಚುಚ್ಚುಮದ್ದಿನಿಂದ ಮಗುವಿನ ಮೆದುಳಿಗೆ ಹಾನಿಯಾದ ಪ್ರಕರಣದಲ್ಲಿ 1998ರಲ್ಲಿ ಮಗುವಿನ ಜೊತೆಗೆ ತಂದೆತಾಯಿಗೂ ಪರಿಹಾರ ದೊರೆಯಿತು.

ಒಪ್ಪಿಗೆಯೂ ಅಷ್ಟೇ ಮುಖ್ಯ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೂ ಅನ್ವಯಿಸದು. ಪ್ರಾಣಾಪಾಯವಿಲ್ಲದಿರುವಾಗ ವಯಸ್ಕ ರೋಗಿಯ ಬದಲು ಮನೆಯವರು ಸಹಿ ಹಾಕಿದರೆ ಸಾಲದು ಎಂದು 2008ರಲ್ಲಿ ತೀರ್ಮಾನವಾಯಿತು.

ಪರಿಹಾರ ಕೇಳುವವರು ಹೆಚ್ಚಾಗಿ ಹೋಗುವುದು ಗ್ರಾಹಕ ಆಯೋಗಕ್ಕೆ. ಭಾರತೀಯ ವೈದ್ಯಕೀಯ ಸಂಘ ಮತ್ತು ವಿ.ಪಿ. ಶಾಂತಾ ನಡುವಣ ಪ್ರಕರಣದಲ್ಲಿ 1995ರಲ್ಲಿ ಬಂದ ತೀರ್ಪು ಶುಲ್ಕ ಪಡೆದು ನೀಡುವ ಚಿಕಿತ್ಸೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದಿತು. ಕೆಲವರಿಂದ ಹಣ ಪಡೆದು ಉಳಿದವರಿಗೆ ಉಚಿತ ಚಿಕಿತ್ಸೆ ನೀಡುವ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಪಡೆದವರೂ ಗ್ರಾಹಕರೇ. ಎಲ್ಲರಿಗೂ ಉಚಿತವಾಗಿರುವ ಆಸ್ಪತ್ರೆಗಳು ಈ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಹಾನಿಗೊಳಗಾದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರನ್ನು ಸಾಮಾನ್ಯವಾಗಿ 2 ವರ್ಷದೊಳಗೆ ಸಲ್ಲಿಸಬೇಕು.

ಕ್ರಿಮಿನಲ್ ಹೊಣೆಗೆ ಸಾಧಾರಣ ಲೋಪ ಸಾಲದು, ಘೋರ ನಿರ್ಲಕ್ಷ್ಯವೇ ಇರಬೇಕು. 2005ರ ಜೇಕಬ್ ಮ್ಯಾಥ್ಯೂ ತೀರ್ಪಿನಂತೆ ಮೊಕದ್ದಮೆಗೆ ಮುನ್ನ ತನಿಖಾಧಿಕಾರಿ ಬೇರೊಬ್ಬ ತಜ್ಞ ವೈದ್ಯರ ಅಭಿಪ್ರಾಯ ಪಡೆಯಬೇಕು. ಆರೋಪ ಬಂದಿತೆಂಬ ಕಾರಣಕ್ಕೇ ವೈದ್ಯರನ್ನು ಬಂಧಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಪ್ರಕಾರ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೆ ಸೆರೆವಾಸವಿದೆ. ಚಿಕಿತ್ಸೆಯ ವೇಳೆ ನೋಂದಾಯಿತ ವೈದ್ಯರಿಂದ ಹೀಗಾದರೆ ಅದು 2 ವರ್ಷದವರೆಗೆ. ಜೊತೆಗೆ ದಂಡವೂ ಉಂಟು.

ವೃತ್ತಿಶಿಸ್ತಿನ ಕ್ರಮ ಇವೆರಡರಿಂದ ಬೇರೆ. ಕರ್ನಾಟಕ ವೈದ್ಯಕೀಯ ಪರಿಷತ್ತು ತಪ್ಪಿತಸ್ಥ ವೈದ್ಯರಿಗೆ ಎಚ್ಚರಿಕೆ ನೀಡಬಹುದು, ನೋಂದಣಿಯಿಂದ ಹೆಸರನ್ನು ತೆಗೆದುಹಾಕಬಹುದು. ರಾಜ್ಯದ ಖಾಸಗಿ ಆಸ್ಪತ್ರೆಗಳ ನೋಂದಣಿಯನ್ನು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಕಡ್ಡಾಯಗೊಳಿಸಿದೆ.

ಯಾವ ದಾರಿ ಹಿಡಿದರೂ ಚಿಕಿತ್ಸಾ ದಾಖಲೆಯೇ ಮುಖ್ಯ ಸಾಕ್ಷ್ಯ. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು. ರೋಗಿ ಕೇಳಿದ 72 ಗಂಟೆಯೊಳಗೆ ಒದಗಿಸಬೇಕು.