ಜೇಕಬ್ಸರ ಟ್ಯೂಬಾ

ರೇಡಿಯೋದಲ್ಲಿ ಪಾಶ್ಚಾತ್ಯ ವಾದ್ಯವೃಂದ ಕೇಳಿಬಂದಾಗ ತಮ್ಮ ಲಕ್ಷ್ಯವೆಲ್ಲ ಪಿಟೀಲುಗಳ ಮೇಲಿರುವುದು ಸಹಜ. ಆದರೆ ಎಲ್ಲಕ್ಕೂ ಕೆಳಗೆ, ಅಡಿಗಲ್ಲಿನಂತೆ, ಒಂದು ಗಂಭೀರ ನಾದ ಉಂಟು. ಅದು ಟ್ಯೂಬಾ ಎಂಬ ಹಿತ್ತಾಳೆಯ ಭಾರೀ ಊದುವಾದ್ಯದ್ದು. ಅಮೆರಿಕದ ಷಿಕಾಗೋ ಸಿಂಫನಿ ವಾದ್ಯವೃಂದದಲ್ಲಿ ೧೯೪೪ರಿಂದ ೧೯೮೮ರವರೆಗೆ ಅದನ್ನು ನುಡಿಸಿದವರು ಆರ್ನಲ್ಡ್ ಜೇಕಬ್ಸ್.

೧೯೧೫ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿದ ಇವರಿಗೆ ಉಬ್ಬಸದ ಬಾಧೆಯಿತ್ತು. ವಾದ್ಯವೋ ಬಲು ಉಸಿರು ಬೇಡುವಂಥದು. ನುಡಿಸುವವರಿಗೆ ಉಸಿರಿನದೇ ಬಡತನ! ಆ ಕೊರತೆಯೇ ಅವರನ್ನು ಉಸಿರಿನ ಪಂಡಿತರನ್ನಾಗಿ ಮಾಡಿತು. ಶ್ವಾಸಕೋಶದ ರಚನೆಯನ್ನು ಅಭ್ಯಸಿಸಿದರು. ಉಸಿರನ್ನಳೆಯುವ ಉಪಕರಣಗಳನ್ನಿಟ್ಟುಕೊಂಡು ಪಾಠ ಹೇಳಿದರು. ಮನಸ್ಸಿನಲ್ಲಿ ಹಾಡಿರಲಿ, ಉಸಿರು ಸರಾಗವಾಗಿ ಹರಿಯಲಿ ಎಂಬುದೇ ಅವರ ಬೋಧೆಯ ಸಾರ. ಟ್ಯೂಬಾದವರಷ್ಟೇ ಅಲ್ಲ, ಬೇರೆ ಊದುವಾದ್ಯಗಳವರೂ ಅವರಲ್ಲಿ ಕಲಿತರು.

ವಿದ್ಯಾರ್ಥಿದೆಸೆಯಲ್ಲಿ ೧೭೫ ಡಾಲರಿಗೆ ಕೊಂಡ ಯಾರ್ಕ್ ಕಂಪೆನಿಯ ಟ್ಯೂಬಾ ಅವರ ಬಾಳಸಂಗಾತಿ. ೧೯೯೮ರಲ್ಲಿ ಜೇಕಬ್ಸರು ತೀರಿಕೊಂಡರು. ವಾದ್ಯ ಮಾತ್ರ ಗಾಜಿನ ಕಪಾಟು ಸೇರಲಿಲ್ಲ. ವಾದ್ಯವೃಂದದ ಸ್ವತ್ತಾಗಿ, ಅವರ ಸ್ಥಾನಕ್ಕೆ ಬಂದವರ ಕೈಯಲ್ಲಿ ನುಡಿಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಹೊಸ ಟ್ಯೂಬಾಗಳೂ ತಯಾರಾದವು.

ಹಿರಿಯರ ಪಾದುಕೆಯನ್ನು ಪೂಜಿಸುವ ನಾಡು ನಮ್ಮದು. ಆದರೂ ಪಾಠ ಹೇಳಿ ಬದುಕಿದ ನನಗೆ ಅನಿಸುವುದಿಷ್ಟು: ಗುರುವಿನ ನೆನಪಿನ ವಸ್ತು ದುಡಿಯುತ್ತಿದ್ದರೇ ಚೆಂದ. ಮುಂದಿನ ಸಲ ರೇಡಿಯೋ ಹಾಕಿದಾಗ ಆ ತಳದ ನಾದಕ್ಕೂ ತುಸು ಕಿವಿಗೊಡಿರಿ.